ಕಡತ ಹಂಚಿಕೆಯ ವೇಗವನ್ನು ಅಳೆದು ನೋಡಿದ ಬಗೆ

ಸದಸ್ಯ ಬಾಂಧವರಿಗೆ ತಿಳಿದಿರುವಂತೆ ನಮ್ಮ ಸಂಘದ ಪ್ರಧಾನ ಕಚೇರಿ ದಾವಣಗೆರೆಯಲ್ಲಿಯೂ, ಸರಕು ಸ್ವೀಕರಿಸುವ ಶಾಖೆ ಹರಿಹರದಲ್ಲಿಯೂ ಇವೆ. ಕಳೆದ ಅಡಿಕೆ ಸುಗ್ಗಿಯಲ್ಲಿ ಹರಿಹರ ಶಾಖೆಯ ಮುಂದೆ ನಿಂತಿದ್ದ ಸಾಲನ್ನು ಕಂಡವರು ಅದನ್ನು ಬೇಗ ಮರೆಯಲಾರರು. ತೂಕವೇನೋ ಚುರುಕಾಗಿಯೇ ನಡೆಯುತ್ತಿತ್ತು. ಆದರೆ ತೂಕದ ಚೀಟಿ ಕಂಪ್ಯೂಟರಿನಿಂದ ಹೊರಬರುವುದು ಬಹಳ ತಡವಾಗುತ್ತಿತ್ತು. "ಏನ್ರೀ ಕಾರ್ಯದರ್ಶಿಗಳೇ, ತೂಕ ಆಗಿ ಒಂದ್ ತಾಸಾತು, ಚೀಟಿ ಇನ್ನೂ ಬರ್ಲಿಲ್ಲಲ್ರೀ" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದಾಗ ನಮ್ಮ ಬಳಿ ಉತ್ತರವಿರಲಿಲ್ಲ. ಚೀಟಿಯಾಗದ ಲಾಟು ಆ ದಿನದ ಟೆಂಡರಿಗೆ ಸೇರುವುದಿಲ್ಲವಷ್ಟೆ. ಅವರ ಹನ್ನೊಂದು ಚೀಲ ರಾಶಿ ಅಡಿಕೆ ಮರುದಿನಕ್ಕೆ ಉಳಿಯಿತು. ಮರುದಿನ ಧಾರಣೆ ಇಳಿದಿತ್ತು.

ಈ ವಿಷಯ ಆಡಳಿತ ಮಂಡಳಿಯ ಸಭೆಗೆ ಬಂದಾಗ, ದಾವಣಗೆರೆಯ ಸರ್ವರ್ ಹಳೆಯದಾಗಿದೆ, ಹೊಸದನ್ನು ಕೊಳ್ಳಬೇಕು ಎಂಬ ಸಲಹೆ ಬಂತು. ಇಂಟರ್‌ನೆಟ್ ಲೈನಿನ ವೇಗವನ್ನು ಇಮ್ಮಡಿ ಮಾಡಿಸೋಣವೆಂದು ಇನ್ನು ಕೆಲವರು ಹೇಳಿದರು. ಎರಡೂ ಸದಸ್ಯರ ಹಣದಿಂದಲೇ ಆಗಬೇಕಾದ ಕೆಲಸಗಳು. ತೇವಾಂಶ ನೋಡದೆ ಒಂದು ಚೀಲ ಅಡಿಕೆಯನ್ನೂ ನಾವು ಒಳಗೆ ತೆಗೆದುಕೊಳ್ಳುವುದಿಲ್ಲ. ಹೀಗಿರುವಲ್ಲಿ, ತಡವಾಗುತ್ತಿರುವುದು ಎಲ್ಲಿ ಎಂಬುದನ್ನು ಅಳೆಯದೆ ಲಕ್ಷಗಳ ಲೆಕ್ಕದಲ್ಲಿ ಖರ್ಚು ಮಾಡುವುದು ಹೇಗೆ? ಖರೀದಿಯನ್ನು ಮುಂದೂಡಿ, ಮೊದಲು ಅಳೆಯುವುದೆಂದು ತೀರ್ಮಾನವಾಯಿತು. ಅಳೆದದ್ದು ಹೇಗೆ, ನಡುವೆ ನಾವು ಎಡವಿದ್ದೆಲ್ಲಿ ಎಂಬುದನ್ನು ಇಲ್ಲಿ ಬರೆದಿದ್ದೇವೆ. ಇದು ಕಚೇರಿಯ ಗುಮಾಸ್ತರಿಗೆ ಮಾತ್ರ ಬೇಕಾದ ವಿಷಯವೆಂದು ಸದಸ್ಯರು ಪುಟ ತಿರುವಬಾರದು. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿದೆ. ಆದ್ದರಿಂದ "ಕಂಪ್ಯೂಟರ್ ನಿಧಾನ" ಎಂಬ ಮಾತು ಊರೂರಿನ ಸಂಘಗಳ ಬಾಗಿಲಲ್ಲೂ ಕೇಳಿಬರುವ ದಿನ ದೂರವಿಲ್ಲ.

ಮೊದಲು ವ್ಯವಸ್ಥೆ ಹೇಗಿದೆ ಎಂದು ನೋಡೋಣ. ದಾವಣಗೆರೆಯಲ್ಲಿ ಒಂದು ದೊಡ್ಡ ಕಂಪ್ಯೂಟರ್ ಇದೆ. ಸಂಘದ ಎಲ್ಲ ಕಡತಗಳೂ ಅದರ ಡಿಸ್ಕಿನಲ್ಲಿರುತ್ತವೆ. ಇದೇ ಸರ್ವರ್. ಅದೇ ಕೋಣೆಯ ನಾಲ್ಕು ಕಂಪ್ಯೂಟರುಗಳೂ ಹರಿಹರದ ಎರಡು ಕಂಪ್ಯೂಟರುಗಳೂ ಆ ಕಡತಗಳನ್ನು ದೂರದಿಂದಲೇ ತೆರೆದು ಓದುತ್ತವೆ, ಬರೆಯುತ್ತವೆ. ಇವಕ್ಕೆ ಕ್ಲೈಂಟ್ ಎನ್ನುತ್ತಾರೆ. ಉಗ್ರಾಣ ಒಂದು, ಕೀಲಿಕೈ ಆರು ಎಂದು ತಿಳಿಯಬಹುದು. ಹೀಗೆ ದೂರದ ಕಡತವನ್ನು ತನ್ನದೇ ಎಂಬಂತೆ ಬಳಸುವ ಕ್ರಮಕ್ಕೆ ನೆಟ್‌ವರ್ಕ್ ಫೈಲ್ ಸಿಸ್ಟಮ್, ಚಿಕ್ಕದಾಗಿ ಎನ್.ಎಫ್.ಎಸ್., ಎಂದು ಹೆಸರು. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಇದನ್ನು 1984ರಲ್ಲಿ ಹೊರತಂದಿತು. ಇದರ ಮೂರನೆಯ ಆವೃತ್ತಿ 1995ರಲ್ಲಿ ಪ್ರಕಟವಾಯಿತು, ಈಗ ಹೆಚ್ಚಾಗಿ ನಾಲ್ಕನೆಯದು ಬಳಕೆಯಲ್ಲಿದೆ. ನಮ್ಮ ಕಂಪ್ಯೂಟರುಗಳಲ್ಲಿರುವುದು ಲಿನಕ್ಸ್. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಸಂಘವು ಇದನ್ನು ಆರಿಸಿಕೊಳ್ಳಲು ಅದೇ ಕಾರಣ. ಇದು ಕಷ್ಟವೆಂದು ಹೆದರುವವರಿಗೆ ಒಂದು ಮಾತು: ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕಂಪ್ಯೂಟರ್ ಪಾಠವನ್ನು ಲಿನಕ್ಸಿನಲ್ಲಿಯೇ ಕಲಿಯುತ್ತಿದ್ದಾರೆ.

ಅಳತೆಗೆ ಮುಂಚೆ ಮಾನದ ವಿಷಯ. ಲೈನ್ ಮಾರುವವರು ವೇಗವನ್ನು ಮೆಗಾಬಿಟ್ ಲೆಕ್ಕದಲ್ಲಿ ಹೇಳುತ್ತಾರೆ. ಕಡತದ ಗಾತ್ರವನ್ನು ಕಂಪ್ಯೂಟರ್ ಮೆಗಾಬೈಟ್ ಲೆಕ್ಕದಲ್ಲಿ ತೋರಿಸುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 100 ಮೆಗಾಬಿಟ್ ಎಂದು ಬಿಲ್ಲಿನಲ್ಲಿ ಬರೆದಿದ್ದರೆ ಸೆಕೆಂಡಿಗೆ 12.5 ಮೆಗಾಬೈಟ್ ಎಂದೇ ಅರ್ಥ. ಮನೆಗೆ ಫೈಬರ್ ಲೈನ್ ಹಾಕಿಸಿದ ಸದಸ್ಯರೂ ಇದನ್ನು ನೆನಪಿಟ್ಟರೆ ಅನಗತ್ಯ ಜಗಳ ತಪ್ಪೀತು. ಈ 12.5 ಕೂಡ ಪೂರ್ತಿಯಾಗಿ ಕೈಗೆ ಸಿಗುವುದಿಲ್ಲ. ಪ್ರತಿ ಕಂತಿನ ಮೇಲೂ ವಿಳಾಸ ಮುಂತಾದ ಹೊದಿಕೆ ಇರುತ್ತದೆ. ಕಾಫಿ ಬೆಳೆಯುವ ಸದಸ್ಯರಿಗೆ ಬಿಡಿಸಿ ಹೇಳಬೇಕಿಲ್ಲ. ಚೆರ್ರಿಯ ತೂಕವೇ ಬೇರೆ, ಔಟ್‌ಟರ್ನ್ ಬೇರೆ. ಕಚೇರಿಯೊಳಗಿನ ಗಿಗಾಬಿಟ್ ತಂತಿ ಕಾಗದದ ಮೇಲೆ 125 ಮೆಗಾಬೈಟ್ ಆದರೂ, ಎಲ್ಲವೂ ಸರಿಯಿದ್ದಾಗ ಕಡತಕ್ಕೆ ದಕ್ಕುವುದು 110ರಿಂದ 117ರವರೆಗೆ.

ಇನ್ನು ನಮ್ಮ ತಪ್ಪಿನ ಕಥೆ. ಡಿ-ಡಿ ಎಂಬ ಎರಡಕ್ಷರದ ಆಜ್ಞೆಯೊಂದು ಲಿನಕ್ಸಿನಲ್ಲಿದೆ. ಒಂದು ಕಡತವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸುರಿದು, ಎಷ್ಟು ಬೈಟ್, ಎಷ್ಟು ಸೆಕೆಂಡ್, ವೇಗವೆಷ್ಟು ಎಂದು ಕೊನೆಯಲ್ಲಿ ಅದು ಹೇಳುತ್ತದೆ. ಸರ್ವರಿನಲ್ಲಿದ್ದ 1,000 ಮೆಗಾಬೈಟಿನ ಕಡತವೊಂದನ್ನು ದಾವಣಗೆರೆಯ ಒಂದು ಕ್ಲೈಂಟಿನಿಂದ ಓದಿಸಿದೆವು. ಒಂಬತ್ತು ಸೆಕೆಂಡ್ ಹಿಡಿಯಿತು. ಖಚಿತಪಡಿಸಿಕೊಳ್ಳೋಣವೆಂದು ಮತ್ತೊಮ್ಮೆ ಓದಿಸಿದರೆ ಅರ್ಧ ಸೆಕೆಂಡ್! ಅಂದರೆ ಸೆಕೆಂಡಿಗೆ 2,000 ಮೆಗಾಬೈಟ್. ಮೂರನೆಯ ಸಲವೂ ಅಷ್ಟೇ. ಮೂರರಲ್ಲಿ ಎರಡು ಸಲ ಬಂದದ್ದೇ ನಿಜವೆಂದುಕೊಂಡು, ದಾವಣಗೆರೆ ಕಚೇರಿಯಲ್ಲಿ ವೇಗಕ್ಕೆ ಯಾವ ಕೊರತೆಯೂ ಇಲ್ಲವೆಂದು ನಾವು ಮಂಡಳಿಗೆ ವರದಿಯನ್ನೇ ಬರೆದುಕೊಟ್ಟೆವು.

ಮಂಡಳಿಯ ನಿರ್ದೇಶಕರಲ್ಲಿ ಒಬ್ಬರು ಮೊದಲು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಅದು ಮುಚ್ಚಿದ ಮೇಲೆ ಪೂರ್ಣವಾಗಿ ತೋಟಕ್ಕೆ ಬಂದವರು. ಆ ಕಾರ್ಖಾನೆಯ ಲೇತ್ ಯಂತ್ರಗಳು ಒಂದು ಕಾಲಕ್ಕೆ ದೇಶದಲ್ಲೆಲ್ಲ ಹೆಸರಾಗಿದ್ದವು. ಅವರು ವರದಿಯನ್ನು ಓದಿ, "ಮೈಕ್ರೋಮೀಟರ್ ಹಿಡಿಯೋಕೆ ಮುಂಚೆ ಅದರ ಸೊನ್ನೆ ಸರಿ ಐತೋ ಇಲ್ಲೋ ನೋಡ್ರಿ ಅಂತ ನಮಗೆ ಮೊದಲನೇ ದಿನ ಹೇಳಿಕೊಟ್ಟಿದ್ರು. 125 ಹರಿಯೋ ಪೈಪಿನಾಗೆ 2,000 ಹೆಂಗೆ ಬಂತು ಸಾರ್?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ವರದಿಯನ್ನು ಹಿಂದಕ್ಕೆ ಪಡೆದೆವು.

ನಡೆದದ್ದು ಇಷ್ಟು. ಲಿನಕ್ಸ್ ಒಮ್ಮೆ ಓದಿದ ಕಡತವನ್ನು ತನ್ನದೇ ನೆನಪಿನಲ್ಲಿ, ಅಂದರೆ ರ‍್ಯಾಮಿನಲ್ಲಿ, ಜಾಗವಿರುವ ತನಕ ಇಟ್ಟುಕೊಳ್ಳುತ್ತದೆ. ಎರಡನೆಯ ಸಲ ಕೇಳಿದಾಗ ಕಡತ ಬದಲಾಗಿದೆಯೇ ಎಂದು ಮಾತ್ರ ಸರ್ವರನ್ನು ವಿಚಾರಿಸಿ, ಇಲ್ಲವೆಂದಾದರೆ ತನ್ನಲ್ಲಿರುವ ಪ್ರತಿಯನ್ನೇ ಕೊಟ್ಟುಬಿಡುತ್ತದೆ. ಉಗ್ರಾಣದಲ್ಲಿ ಎಷ್ಟು ಚೀಲ ಇವೆ ಎಂದು ಕೇಳಿದರೆ ಗುಮಾಸ್ತನು ಬಾಗಿಲು ತೆರೆಯದೆ, ಬೆಳಿಗ್ಗೆ ಎಣಿಸಿದ್ದನ್ನೇ ನೆನಪಿನಿಂದ ಹೇಳಿದ ಹಾಗೆ. ದಿನದ ಕೆಲಸಕ್ಕೆ ಇದು ಬಹಳ ಒಳ್ಳೆಯ ಗುಣ, ಅಳತೆಗೆ ಮಾತ್ರ ಮೋಸ. ತಂತಿಯ ಮಿತಿಗಿಂತ ದೊಡ್ಡ ಅಂಕಿ ಬಂದರೆ ಅದು ನೆನಪಿನ ವೇಗ, ನೆಟ್‌ವರ್ಕಿನದಲ್ಲ.

ಇದನ್ನು ತಪ್ಪಿಸಲು ಮೂರು ದಾರಿಗಳಿವೆ. ಕ್ಲೈಂಟಿನ ರ‍್ಯಾಮಿಗಿಂತ ದೊಡ್ಡದಾದ ಕಡತವನ್ನು ಓದಿಸುವುದು ಒಂದು. ಹಂಚಿಕೆಯ ಜೋಡಣೆಯನ್ನು ಕಳಚಿ ಮತ್ತೆ ಜೋಡಿಸುವುದು ಇನ್ನೊಂದು. ಇದಕ್ಕೆ ಅನ್‌ಮೌಂಟ್, ಮೌಂಟ್ ಎನ್ನುತ್ತಾರೆ. ಮೂರನೆಯದು, ರೂಟ್ ಅಧಿಕಾರವಿರುವವರು ಡ್ರಾಪ್ ಕ್ಯಾಶಸ್ ಎಂಬ ಕಡತಕ್ಕೆ 3 ಎಂಬ ಅಂಕಿಯನ್ನು ಬರೆದು ನೆನಪನ್ನು ಖಾಲಿ ಮಾಡಿಸುವುದು. ನಾವು ಪ್ರತಿ ಅಳತೆಗೂ ಮುಂಚೆ ಎರಡನೆಯದನ್ನು ಮಾಡಿದೆವು. ಆದರೆ ಸರ್ವರಿಗೂ ಇಂಥದೇ ನೆನಪು ಇದೆ ಎಂಬುದನ್ನು ಮರೆಯಬಾರದು. ಕ್ಲೈಂಟಿನದನ್ನು ಖಾಲಿ ಮಾಡಿದ ಮಾತ್ರಕ್ಕೆ ಸರ್ವರಿನದು ಖಾಲಿಯಾಗುವುದಿಲ್ಲ. ತಂತಿಯನ್ನಷ್ಟೇ ಅಳೆಯುವುದಾದರೆ ಅದರಿಂದ ಅಡ್ಡಿಯಿಲ್ಲ, ಡಿಸ್ಕನ್ನೂ ಸೇರಿಸಿ ಅಳೆಯಬೇಕೆಂದರೆ ಅದನ್ನೂ ಖಾಲಿ ಮಾಡಬೇಕು. ಇನ್ನೊಂದು ಸೂಕ್ಷ್ಮ: ಅಳತೆಗೆ ಬರೀ ಸೊನ್ನೆಗಳಿಂದ ತುಂಬಿದ ಕಡತವನ್ನು ಬಳಸುವ ರೂಢಿ ಇದೆ. ಸರ್ವರಿನ ಡಿಸ್ಕು ಕಡತಗಳನ್ನು ಒತ್ತಿ ಕುಗ್ಗಿಸಿಡುವ ಬಗೆಯದಾದರೆ ಸೊನ್ನೆಗಳು ಜಾಗವನ್ನೇ ತಿನ್ನುವುದಿಲ್ಲ, ಅಂಕಿ ಸುಳ್ಳಾಗುತ್ತದೆ. ಗೊತ್ತುಗುರಿಯಿಲ್ಲದ ಅಂಕೆಗಳ ಕಡತವೊಂದನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳುವುದು ಕ್ಷೇಮ.

ಬರೆಯುವ ವೇಗದಲ್ಲಿಯೂ ಇಂಥದೇ ಪೇಚು. ಕ್ಲೈಂಟು ಬರೆಯಬೇಕಾದ್ದನ್ನು ಸ್ವಲ್ಪ ಹೊತ್ತು ತನ್ನಲ್ಲೇ ಇಟ್ಟುಕೊಂಡು ಆಮೇಲೆ ಕಳಿಸುತ್ತದೆ. ನಕಲು ಮಾಡುವಾಗ ಪರದೆಯ ಮೇಲಿನ ಪಟ್ಟಿ ಸರ‍್ರನೆ ಓಡಿ, ಕೊನೆಯಲ್ಲಿ ನಿಂತುಬಿಡುವುದನ್ನು ಹಲವರು ಕಂಡಿರಬಹುದು. ಡಿ-ಡಿಗೆ ಎಫ್-ಸಿಂಕ್ ಎಂಬ ಷರತ್ತನ್ನು ಸೇರಿಸಿದರೆ ಬರೆದದ್ದೆಲ್ಲ ಸರ್ವರಿಗೆ ಮುಟ್ಟಿತೆಂದು ತಿಳಿದ ಮೇಲೆಯೇ ಗಡಿಯಾರ ನಿಲ್ಲುತ್ತದೆ.

ಈ ಸಂದರ್ಭದಲ್ಲಿ ತಂತ್ರಜ್ಞರೊಬ್ಬರು ಒಂದು ಸಲಹೆ ಕೊಟ್ಟರು. ಸರ್ವರಿನ ಕಡೆ ಸಿಂಕ್ ಎಂದಿರುವುದನ್ನು ಎಸಿಂಕ್ ಎಂದು ಬದಲಿಸಿದರೆ ಬರೆಯುವ ವೇಗ ಏರುತ್ತದೆ ಎಂದು. ಅದು ನಿಜ. ಸಿಂಕ್ ಇದ್ದಾಗ ಡಿಸ್ಕಿಗೆ ಬರೆದ ಮೇಲೆ ಮಾತ್ರ ಸರ್ವರ್ "ಆಯಿತು" ಎನ್ನುತ್ತದೆ. ಎಸಿಂಕ್ ಇದ್ದಾಗ ಬರೆಯುವುದಕ್ಕೆ ಮುಂಚೆಯೇ "ಆಯಿತು" ಎಂದುಬಿಡುತ್ತದೆ. ಆ ನಡುವೆ ಕರೆಂಟು ಹೋದರೆ? ಸದಸ್ಯನ ಕೈಯಲ್ಲಿ ಚೀಟಿ ಇರುತ್ತದೆ, ಸಂಘದ ಲೆಕ್ಕದಲ್ಲಿ ಚೀಲ ಇರುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟಿನ ಪಾಡು ಎಲ್ಲರಿಗೂ ಗೊತ್ತು. ನಾವು ಆ ಸಲಹೆಯನ್ನು ಒಪ್ಪಲಿಲ್ಲ, ಮುಂದೆಯೂ ಒಪ್ಪುವುದಿಲ್ಲ.

ಹೀಗೆ ಶುದ್ಧಪಡಿಸಿಕೊಂಡು ದಾವಣಗೆರೆಯ ನಾಲ್ಕೂ ಕ್ಲೈಂಟುಗಳನ್ನು ಅಳೆದಾಗ ಮೂರರಲ್ಲಿ ಸೆಕೆಂಡಿಗೆ ಸುಮಾರು 112 ಮೆಗಾಬೈಟ್, ನಾಲ್ಕನೆಯದರಲ್ಲಿ ಮಾತ್ರ 11 ಬಂತು. ಸದಸ್ಯರಿಗೆ ಲೆಕ್ಕದ ವಿವರ ಕೊಡುವ ಕೌಂಟರಿನ ಕಂಪ್ಯೂಟರ್ ಅದು. ಸರ್ವರ್ ಅದೇ, ಕಡತ ಅದೇ. ಐಪರ್ಫ್ ಎಂಬ ಇನ್ನೊಂದು ಸಾಧನ ಡಿಸ್ಕನ್ನೂ ಕಡತವನ್ನೂ ಬಿಟ್ಟು ತಂತಿಯನ್ನು ಮಾತ್ರ ಅಳೆಯುತ್ತದೆ. ಅದು ಮೂರರಲ್ಲಿ 940 ಮೆಗಾಬಿಟ್, ನಾಲ್ಕನೆಯದರಲ್ಲಿ 94 ತೋರಿಸಿತು. ಈ ತಂತಿಯೊಳಗೆ ನಾಲ್ಕು ಜೊತೆ ಎಳೆಗಳಿರುತ್ತವೆ. ಗಿಗಾಬಿಟ್ಟಿಗೆ ನಾಲ್ಕೂ ಬೇಕು, 100 ಮೆಗಾಬಿಟ್ಟಿಗೆ ಎರಡೇ ಸಾಕು. ಒಂದು ಎಳೆ ಕಡಿದರೆ ಯಂತ್ರಗಳು ಸದ್ದಿಲ್ಲದೆ ಕೆಳಗಿನ ವೇಗಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ, ಯಾರಿಗೂ ದೂರು ಹೇಳುವುದಿಲ್ಲ. ಬೀರುವಿನ ಹಿಂದೆ ನೋಡಿದರೆ ಇಲಿ ತನ್ನ ಕೆಲಸ ಮಾಡಿತ್ತು. ತಂತಿ ಬದಲಾಯಿಸಿದೆವು. ಅಂದಿನಿಂದ ಅದರಲ್ಲೂ 112.

ಇಲ್ಲಿ ಹೊಸ ಸರ್ವರಿನ ಪ್ರಶ್ನೆಯೂ ಅರ್ಧ ಇತ್ಯರ್ಥವಾಯಿತು. ನಮ್ಮ ಹಳೆಯ ಸರ್ವರಿನ ಡಿಸ್ಕನ್ನು ಅದರಲ್ಲಿಯೇ ಕುಳಿತು, ನೆನಪನ್ನು ಖಾಲಿ ಮಾಡಿ ಓದಿಸಿದಾಗ ಸೆಕೆಂಡಿಗೆ 150 ಮೆಗಾಬೈಟ್ ಬಂತು. ತಂತಿ ಸಾಗಿಸಬಲ್ಲದ್ದಕ್ಕಿಂತ ಇದು ಹೆಚ್ಚು. ಡಿಸ್ಕನ್ನು ಎಷ್ಟೇ ಚುರುಕು ಮಾಡಿದರೂ ದೊಡ್ಡ ಕಡತ ಓದುವವರಿಗೆ ಲಾಭವಿಲ್ಲ.

ಉಳಿದದ್ದು ಹರಿಹರ. ಅಲ್ಲಿ 100 ಮೆಗಾಬಿಟ್ಟಿನ ಫೈಬರ್ ಲೈನ್ ಇದೆ. ಎನ್.ಎಫ್.ಎಸ್. ಅನ್ನು ಬಯಲು ಇಂಟರ್‌ನೆಟ್ಟಿಗೆ ತೆರೆದಿಡಬಾರದಾದ್ದರಿಂದ, ವಿ.ಪಿ.ಎನ್. ಎಂಬ ಬೀಗ ಹಾಕಿದ ಸುರಂಗದ ಮೂಲಕ ದಾವಣಗೆರೆಗೆ ಜೋಡಿಸಿದ್ದೇವೆ. ದೊಡ್ಡ ಕಡತವನ್ನು ಓದಿಸಿದರೆ ಸೆಕೆಂಡಿಗೆ 10 ಮೆಗಾಬೈಟ್ ಬಂತು. ಅಂದರೆ ಲೈನಿನಲ್ಲಿ ದೋಷವಿಲ್ಲವೆಂದು ಲೈನಿನವರು ಹೇಳುತ್ತಿದ್ದುದು ಸರಿಯೇ ಆಗಿತ್ತು. ಬೈದದ್ದು ನಾವು. ಹರಿಹರದವರು ಓದುವ ವೇಗಕ್ಕೆ ದಾವಣಗೆರೆಯಿಂದ ಹೊರಹೋಗುವ ವೇಗವೂ ಅಷ್ಟೇ ಮುಖ್ಯವಾದ್ದರಿಂದ ಅದನ್ನೂ ನೋಡಿದೆವು, ಅದೂ ಸರಿಯಿತ್ತು. ಹಾಗಾದರೆ ಚೀಟಿ ಏಕೆ ತಡ?

ಇಷ್ಟು ದಿನ ನಾವು ಅಳೆದದ್ದು ಒಂದೇ ದೊಡ್ಡ ಕಡತವನ್ನು. ಚೀಟಿ ಬರೆಯುವ ತಂತ್ರಾಂಶದ ಕೆಲಸ ಹಾಗಲ್ಲ. ಶಾಖೆಯ ಪ್ರತಿ ಸದಸ್ಯನಿಗೂ ಒಂದೊಂದು ಸಣ್ಣ ಕಡತ, ಒಟ್ಟು 600. ಪ್ರತಿ ಚೀಟಿಗೂ ಅದು ಈ 600ನ್ನೂ ಒಂದಾದ ಮೇಲೊಂದು ತೆರೆದು ನೋಡುತ್ತಿತ್ತು. ಆದ್ದರಿಂದ ಅದೇ 600 ಕಡತಗಳನ್ನು ಹರಿಹರದಲ್ಲಿ ನಕಲು ಮಾಡಿಸಿ, ಟೈಮ್ ಎಂಬ ಆಜ್ಞೆಯಿಂದ ಹೊತ್ತು ನೋಡಿದೆವು. ಎಲ್ಲ ಸೇರಿ ಬರೀ 2.4 ಮೆಗಾಬೈಟ್. ಹಿಡಿದದ್ದು 53 ಸೆಕೆಂಡ್. ಅದೇ 600ನ್ನು ಟಾರ್ ಎಂಬ ಸಾಧನದಿಂದ ಒಂದು ಗಂಟು ಕಟ್ಟಿ ತರಿಸಿದರೆ ಒಂದು ಸೆಕೆಂಡಿನೊಳಗೆ ಬಂತು. ಲೈನ್ ಅದೇ, ಸರಕು ಅದೇ!

ಕಾರಣ ಹೀಗಿದೆ. ಒಂದು ಕಡತವನ್ನು ಓದಬೇಕಾದರೆ ಕ್ಲೈಂಟು ಸರ್ವರಿನೊಡನೆ ಹಲವು ಸಲ ಮಾತಾಡಬೇಕು. ಈ ಹೆಸರಿನದು ಇದೆಯೇ, ತೆರೆಯಲೇ, ಕೊಡು, ಮುಚ್ಚುತ್ತೇನೆ, ಹೀಗೆ ಕಡಿಮೆಯೆಂದರೂ ನಾಲ್ಕು ಸಲ. ಪ್ರತಿ ಪ್ರಶ್ನೆಯೂ ಹೋಗಿ ಉತ್ತರ ಬರುವ ತನಕ ಮುಂದಿನದು ಕಾಯುತ್ತದೆ. ಪಿಂಗ್ ಎಂಬ ಸರಳ ಆಜ್ಞೆ ಒಂದು ಸಲ ಹೋಗಿಬರುವ ಹೊತ್ತನ್ನು ತಿಳಿಸುತ್ತದೆ. ದಾವಣಗೆರೆ ಕೋಣೆಯೊಳಗೆ ಅದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮೂರನೆಯ ಒಂದಂಶ. ಹರಿಹರದಿಂದ 22. ಈಗ ಗುಣಿಸಿ ನೋಡಿ: 600 ಕಡತ, ನಾಲ್ಕು ಸಲ, ಒಟ್ಟು 2,400 ಸಲ ಹೋಗಿಬರಬೇಕು. ಒಂದೊಂದಕ್ಕೆ 22 ಎಂದರೆ 52.8 ಸೆಕೆಂಡ್. ಕೋಣೆಯೊಳಗಾದರೆ ಒಂದು ಸೆಕೆಂಡೂ ಬೇಡ. ಆದ್ದರಿಂದಲೇ ದಾವಣಗೆರೆಯಲ್ಲಿ ಕುಳಿತು ಪರೀಕ್ಷಿಸಿದವರಿಗೆಲ್ಲ "ಎಲ್ಲಾ ಸರಿ ಐತಲ್ಲ" ಎನಿಸುತ್ತಿತ್ತು. ಸುಗ್ಗಿಯಲ್ಲಿ 60 ಜನ ಸಾಲಿನಲ್ಲಿದ್ದರೆ ಕೊನೆಯವರ ಪಾಲಿಗೆ 53 ನಿಮಿಷ. ಆ ಹಿರಿಯರು ಒಂದು ತಾಸು ಎಂದದ್ದು ಸಿಟ್ಟಿನ ಮಾತಾಗಿರಲಿಲ್ಲ.

ಎರಡು ಊರಿನ ನಡುವೆ ಹದಿನಾಲ್ಕು ಕಿಲೋಮೀಟರ್ ಅಷ್ಟೆ, 22 ಏಕೆ ಎಂದು ಕೇಳಬಹುದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ನೇರವಾಗಿ ಹೋಗಿಬಂದರೆ ಅದಕ್ಕೆ ಕಣ್ಣುಮುಚ್ಚುವಷ್ಟೂ ಹೊತ್ತು ಬೇಕಿಲ್ಲ. ಆದರೆ ಎರಡೂ ಕಡೆಯ ಲೈನುಗಳು ನೇರವಾಗಿ ಕೂಡುವುದಿಲ್ಲ. ಮಾತು ದೂರದ ಪಟ್ಟಣದ ಯಂತ್ರಗಳನ್ನು ಸುತ್ತಿಕೊಂಡು ಬರುತ್ತದೆ. ಪಕ್ಕದ ಮನೆಗೆ ಬರೆದ ಕಾಗದ ಜಿಲ್ಲಾ ಅಂಚೆ ಕಚೇರಿಗೆ ಹೋಗಿ ಬರುವುದಿಲ್ಲವೇ, ಹಾಗೆ. ಇದರಲ್ಲಿ ಲೈನಿನ ವೇಗವನ್ನು ಇಮ್ಮಡಿ ಮಾಡಿಸಿದ್ದರೆ ಏನಾಗುತ್ತಿತ್ತು? ತುಂಗಭದ್ರೆಯ ಸೇತುವೆಯನ್ನು ಅಗಲ ಮಾಡಿಸಿ, ಅದರ ಮೇಲೆ ತಲೆಹೊರೆಯಲ್ಲಿ ಒಂದೊಂದೇ ಚೀಲ ಹೊತ್ತು 2,400 ಸಲ ತಿರುಗಿದ ಹಾಗಾಗುತ್ತಿತ್ತು. ಬಾಡಿಗೆ ಹೆಚ್ಚುತ್ತಿತ್ತು, 53 ಸೆಕೆಂಡ್ ಹಾಗೆಯೇ ಇರುತ್ತಿತ್ತು.

ಇದನ್ನು ಕಣ್ಣಾರೆ ಕಾಣಲು ಲಿನಕ್ಸಿನಲ್ಲೇ ಎರಡು ಸಾಧನಗಳಿವೆ. ಎನ್‌ಎಫ್‌ಎಸ್-ಸ್ಟ್ಯಾಟ್ ಎಂಬುದು ಯಾವ ಬಗೆಯ ಪ್ರಶ್ನೆ ಎಷ್ಟು ಸಲ ಹೋಯಿತೆಂದು ಎಣಿಸಿಡುತ್ತದೆ. ಚೀಟಿಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ನೋಡಿ ಕಳೆದರೆ ಲೆಕ್ಕ ಸಿಕ್ಕಿತು. ಎನ್‌ಎಫ್‌ಎಸ್-ಐಓಸ್ಟ್ಯಾಟ್ ಎಂಬುದು ಪ್ರತಿ ಪ್ರಶ್ನೆಗೂ ಎರಡು ಸರಾಸರಿಗಳನ್ನು ಕೊಡುತ್ತದೆ. ಸರ್ವರಿಗೆ ಹೋಗಿಬಂದ ಹೊತ್ತು ಒಂದು, ಕ್ಲೈಂಟಿನೊಳಗೆ ಸರದಿಯಲ್ಲಿ ಕಾದದ್ದೂ ಸೇರಿದ ಒಟ್ಟು ಹೊತ್ತು ಇನ್ನೊಂದು. ಎರಡೂ ಹತ್ತಿರವಿದ್ದರೆ ತಡ ದಾರಿಯಲ್ಲಿ ಅಥವಾ ಸರ್ವರಿನಲ್ಲಿ. ಎರಡನೆಯದು ಬಹಳ ದೊಡ್ಡದಾದರೆ ಕ್ಲೈಂಟಿನಲ್ಲೇ ಜಂಗುಳಿ. ನಮ್ಮಲ್ಲಿ ಎರಡೂ 22ರ ಆಸುಪಾಸಿನಲ್ಲಿದ್ದವು. ಮರಳಿ ಕಳಿಸಿದ ಪ್ರಶ್ನೆಗಳ ಎಣಿಕೆ ಏರುತ್ತಿದ್ದರೆ ಲೈನು ಕಡಿಯುತ್ತಿದೆ ಎಂದು ಸಂಶಯಪಡಬೇಕು, ನಮ್ಮಲ್ಲಿ ಅದು ಸೊನ್ನೆ. ಒಂದೇ ಸಲ ಅಳೆದು ನಂಬಲೂ ಇಲ್ಲ. ಬೆಳಿಗ್ಗೆ ಬಾಗಿಲು ತೆರೆದಾಗ, ಟೆಂಡರಿಗೆ ಮುಂಚಿನ ಗಡಿಬಿಡಿಯಲ್ಲಿ, ಸಂಜೆ, ಹೀಗೆ ಮೂರು ಹೊತ್ತು, ಹೊತ್ತಿಗೆ ಮೂರು ಸಲ. ಚೀಲದ ಬಾಯಿಯಿಂದಷ್ಟೇ ಮಾದರಿ ತೆಗೆಯುವವರನ್ನು ನಾವೇ ಅಂಗಳದಲ್ಲಿ ತಡೆಯುತ್ತೇವಲ್ಲ.

ಪರಿಹಾರಕ್ಕೆ ಹಣ ಬೇಕಾಗಲಿಲ್ಲ. ತಂತ್ರಾಂಶ ಬರೆದ ಹುಡುಗ ನಮ್ಮ ಸದಸ್ಯರೊಬ್ಬರ ಮಗನೇ. 600 ಕಡತಗಳ ಸಾರವನ್ನು ಒಂದೇ ಸೂಚಿಯಲ್ಲಿ ಸೇರಿಸಿ, ಚೀಟಿ ಮಾಡುವಾಗ ಆ ಸೂಚಿಯನ್ನೂ ಆಯಾ ಸದಸ್ಯನ ಕಡತವನ್ನೂ ಮಾತ್ರ ತೆರೆಯುವಂತೆ ಆತ ಬದಲಾಯಿಸಿದ. ರಾತ್ರಿಯ ಪೂರ್ಣ ಪ್ರತಿ ಒಂದೇ ಗಂಟಾಗಿ ದಾವಣಗೆರೆಗೆ ಬರುತ್ತದೆ. ಈಗ ಹರಿಹರದಲ್ಲಿ ಒಂದು ಚೀಟಿಗೆ ಎರಡು ಮೂರು ಸೆಕೆಂಡ್, ಅದರಲ್ಲೂ ಹೆಚ್ಚಿನದು ಪ್ರಿಂಟರಿನದು.

ಹೊಸ ಸರ್ವರಿನ ಖರೀದಿಯನ್ನು ಮಂಡಳಿ ಕೈಬಿಟ್ಟಿದೆ. ಸಣ್ಣ ಸಣ್ಣ ಬರಹಗಳು ಸಿಂಕ್ ಕ್ರಮದಲ್ಲಿ ತಿರುಗುವ ಡಿಸ್ಕಿನ ಮೇಲೆ ನಿಧಾನವಾಗುವುದು ನಿಜವಾದ್ದರಿಂದ, ಇರುವ ಸರ್ವರಿಗೇ ಒಂದು ಎಸ್.ಎಸ್.ಡಿ. ಹಾಕಿಸುವ ವಿಚಾರ ಮುಂದಿನ ಸಭೆಯ ಮುಂದಿದೆ. ಅದನ್ನೂ ಎರವಲು ತಂದು ಅಳೆದ ಮೇಲೆಯೇ ನಿರ್ಧಾರ. ಹರಿಹರದ ಲೈನನ್ನು ಬರುವ ಸುಗ್ಗಿಯ ಮೊದಲ ವಾರ ಮತ್ತೆ ಅಳೆಯುತ್ತೇವೆ. ಆಜ್ಞೆಗಳನ್ನು ಅಕ್ಷರ ಬಿಡದೆ ಬರೆದ ಹಾಳೆಯೂ, ಇದುವರೆಗಿನ ಅಳತೆಗಳ ಪುಸ್ತಕವೂ ದಾವಣಗೆರೆ ಕಚೇರಿಯ ಕೌಂಟರಿನಲ್ಲಿವೆ. ನೆರೆಯ ಸಂಘಗಳವರು ಬಂದು ನಕಲು ಮಾಡಿಕೊಳ್ಳಬಹುದು. ಭಾನುವಾರ ಮತ್ತು ಎರಡನೆಯ ಶನಿವಾರ ಕಚೇರಿಗೆ ರಜೆ.